ಫೋರ್ ನಾಟ್ ಫೈವ್ ಮತ್ತು ಗಾಯದ ಲೆಕ್ಕ

ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮಾಲಿಕೆಯ ಮೂಲಕ ಕೆನೆತ್ ಆಂಡರ್ಸನ್ನನನ್ನು ಓದಿಕೊಂಡ ನನ್ನ ತಲೆಮಾರಿನವರಿಗೆ ಅವನ .405 ವಿಂಚೆಸ್ಟರ್ ರೈಫಲ್ಲೂ ಕತೆಯೊಳಗಿನ ಒಂದು ಪಾತ್ರ. ಜಾಲಹಳ್ಳಿ, ಮಾಗಡಿ, ಪೆದ್ದಚೆರುವು ಎಂಬ ಹೆಸರುಗಳ ಜೊತೆಗೇ ಅದೂ ನೆನಪಿನಲ್ಲಿ ಕೂತಿದೆ. ಆ ಪುಸ್ತಕಗಳನ್ನು ಓದಿದ ಬಹುಪಾಲು ಜನ ರೈಫಲ್ ಹಿಡಿದವರಲ್ಲ. ಮಲೆನಾಡಿನ ಮನೆಗಳಲ್ಲಿ ಇದ್ದದ್ದು ಕೇಪಿನ ಕೋವಿ, ಹೆಚ್ಚೆಂದರೆ ಜೋಡುನಳಿಗೆಯ ತೋಟಾಕೋವಿ. ಹಾಗಾಗಿ 'ಫೋರ್ ನಾಟ್ ಫೈವ್' ಎಂದ ಕೂಡಲೇ ಆನೆಯನ್ನೂ ಅಡ್ಡ ಬೀಳಿಸುವ ದೈತ್ಯ ಕೋವಿಯೊಂದರ ಚಿತ್ರ ಕಣ್ಣೆದುರು ಬರುತ್ತಿತ್ತು. ಕೋವಿಯ ಬಾಯಿ ದೊಡ್ಡದಾದಷ್ಟೂ ಬೇಟೆಗಾರ ಕ್ಷೇಮ ಎಂಬ ತೀರ್ಮಾನವೂ ಅದರ ಹಿಂದೆಯೇ ಬಂದು ಬೇರೂರಿತು. ಇವತ್ತಿಗೂ ಶಿಕಾರಿಯ ಮಾತು ಬಂದಾಗ ಹಿರಿಯರು ಮೊದಲು ಕೇಳುವುದು ಬೋರ್ ಎಷ್ಟು ಎಂದೇ. ಆ ಕಾಲದ ಬೇಟೆ ಪುಸ್ತಕಗಳನ್ನು ಈಗ ಕೋವಿಯ ಕಡೆಯಿಂದ ಮತ್ತೆ ಓದಿದರೆ ಬೇರೆಯೇ ಒಂದು ಅಳತೆಗೋಲು ಕಾಣಿಸುತ್ತದೆ. ಒಂದು ರೈಫಲ್ ಎಷ್ಟು ಪ್ರಾಣಿಗಳನ್ನು ಕೊಂದಿತು ಎಂಬುದಕ್ಕಿಂತ ಎಷ್ಟನ್ನು ಗಾಯಗೊಳಿಸಿ ಬಿಟ್ಟಿತು ಎಂಬುದರ ಮೇಲೆ ಅದರ ಯೋಗ್ಯತೆಯನ್ನು ಅಳೆಯಬೇಕು ಎಂಬುದು ನನ್ನ ವಾದ. ಹೀಗೆ ಅಳೆದಾಗ ಬೋರಿನ ಗಾತ್ರ ಮೂರನೆಯ ಸ್ಥಾನಕ್ಕೆ ಇಳಿಯುತ್ತದೆ. ಗುಂಡು ಮರ್ಮದವರೆಗೆ ಹೋಗುತ್ತದೆಯೇ ಎಂಬುದು ಮೊದಲು, ಹೊಡೆಯುವವನ ಹೆಗಲು ಆ ಕೋವಿಯನ್ನು ತಾಳಿಕೊಳ್ಳುತ್ತದೆಯೇ ಎಂಬುದು ಎರಡನೆಯದು.

ದೊಡ್ಡ ಬಾಯಿಯ ಕೋವಿಯ ಮೇಲಿನ ಈ ಮೋಹಕ್ಕೆ ಒಂದು ಕಾಲದಲ್ಲಿ ತಕ್ಕ ಕಾರಣವಿತ್ತು. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಾಚೆ ಏರಿಸಲು ಆಗುತ್ತಿರಲಿಲ್ಲ. ಗುಂಡು ಮೆದು ಸೀಸದ್ದು, ಎಲುಬಿಗೆ ತಗುಲಿದರೆ ಚಪ್ಪಟೆಯಾಗುತ್ತಿತ್ತು. ಬಲ ಹೆಚ್ಚಬೇಕೆಂದರೆ ಗುಂಡನ್ನೇ ದಪ್ಪ ಮಾಡಬೇಕು, ಬೇರೆ ದಾರಿ ಇಲ್ಲ. ಹೀಗಾಗಿ ಪೌಂಡು ಸೀಸಕ್ಕೆ ಎಂಟು ಗುಂಡು ಬರುವ 8 ಬೋರ್, ನಾಲ್ಕೇ ಗುಂಡು ಬರುವ 4 ಬೋರ್ ಕೋವಿಗಳು ಹುಟ್ಟಿದವು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ, 1878ರಲ್ಲಿ ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ತನ್ನ ಹದಿಮೂರು ವರ್ಷಗಳ ಬಗ್ಗೆ ಪುಸ್ತಕ ಬರೆದ ಜಿ. ಪಿ. ಸ್ಯಾಂಡರ್ಸನ್ ಆನೆಗೆ ಹಿಡಿದದ್ದು ಇಂಥವನ್ನೇ. ಆಫ್ರಿಕಾದಲ್ಲಿ ಸ್ಯಾಮ್ಯುಯೆಲ್ ಬೇಕರನ ಬಳಿ ಅರ್ಧ ಪೌಂಡು ತೂಕದ ಗುಂಡು ಹಾರಿಸುವ ಒಂಟಿನಳಿಗೆಯ ಕೋವಿಯೊಂದಿತ್ತು. ಅದಕ್ಕೆ ಅವನಿಟ್ಟ ಹೆಸರು 'ಬೇಬಿ'! ಬೇಕರ್ ಆಳು ಗಟ್ಟಿಮುಟ್ಟು, ಅಂಜುಬುರುಕನಲ್ಲ. ಆದರೂ ಅದರ ಒದೆತ ತನ್ನನ್ನು ಗಿರಗಿರ ತಿರುಗಿಸಿಬಿಡುತ್ತದೆಂದು, ಅದನ್ನು ಹಾರಿಸಲು ತನಗೇ ಭಯವೆಂದು ಬರೆದಿದ್ದಾನೆ. ಅದೇ ಉಸಿರಿನಲ್ಲಿ ಅವನು ಇನ್ನೊಂದು ಮಾತನ್ನೂ ಹೇಳುತ್ತಾನೆ: ಅಪರೂಪಕ್ಕೆ ಹಾರಿಸಿದಾಗಲೆಲ್ಲ ಪ್ರಾಣಿ ಬಿತ್ತು. ದೊಡ್ಡ ಬೋರಿನ ಪರವಾಗಿರುವ ಅತ್ಯಂತ ಗಟ್ಟಿ ಸಾಕ್ಷಿ ಇದು, ಇದನ್ನು ಮುಚ್ಚಿಟ್ಟು ವಾದ ಮಾಡುವುದರಲ್ಲಿ ಅರ್ಥವಿಲ್ಲ. ಆದರೆ 'ಅಪರೂಪಕ್ಕೆ' ಎಂಬುದನ್ನೂ ಅಷ್ಟೇ ಗಮನವಿಟ್ಟು ಓದಬೇಕು. ಹಾರಿಸಲು ಹೆದರುವ ಕೋವಿ ಹೆಚ್ಚಿನ ದಿನ ಕೆಲಸದವನ ಹೆಗಲ ಮೇಲೇ ಉಳಿಯುತ್ತದೆ. ಕಾಡಿನಲ್ಲಿ ಪ್ರಾಣಿ ಎದುರಾಗುವ ಹೊತ್ತಿಗೆ ಯಜಮಾನನ ಕೈಯಲ್ಲಿರುವುದು ಇನ್ನೊಂದು ಕೋವಿ.

ಹೊಗೆ ಬಾರದ ಮದ್ದು ಬಂದು ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡಿತು. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಗುಂಡಿನ ವೇಗ ಒಮ್ಮೆಗೇ ಏರಿತು, ಸೀಸಕ್ಕೆ ಲೋಹದ ಹೊದಿಕೆ ಬಂತು, ಸಣ್ಣ ವ್ಯಾಸದ ಉದ್ದನೆಯ ಗುಂಡು ಆನೆಯ ತಲೆಬುರುಡೆಯನ್ನೂ ತೂರಿ ಹೋಗುವಂತಾಯಿತು. ಲಿವರ್ ಆ್ಯಕ್ಷನ್ ರೈಫಲ್ಲುಗಳ ಚರಿತ್ರೆಯಲ್ಲಿ ಈ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ 1860ರ ಹೆನ್ರಿ ರೈಫಲ್ಲು, ಅದರ ಹಿಂದೆ ಬಂದ 1873ರ ವಿಂಚೆಸ್ಟರ್, ಎರಡರಲ್ಲೂ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಒಂದು ಮಲಗಿರುತ್ತಿದ್ದವು. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಬುಡಕ್ಕೆ ತಾಗಿಕೊಂಡೇ ಇರುತ್ತದೆ. ಬುಡದ ನಡುವೆ ಕೇಪು ಇರುವ ತೋಟಾಗಳು ಬಂದ ಮೇಲೆ ಇದೇ ತೊಡಕಾಯಿತು. ಮೂತಿ ಚೂಪಾಗಿದ್ದರೆ ಒದೆತದ ಪೆಟ್ಟಿಗೆ ಕೇಪು ಸಿಡಿದು ಕೊಳವೆಯೊಳಗೇ ಅನಾಹುತವಾದೀತೆಂದು ಗುಂಡಿನ ಮೂತಿಯನ್ನು ಚಪ್ಪಟೆಯಾಗಿಯೇ ಇಡಬೇಕಾಯಿತು. ಚಪ್ಪಟೆ ಮೂತಿಯ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಈ ತೊಡಕನ್ನು ಬಿಡಿಸಿದವನು ಜಾನ್ ಬ್ರೌನಿಂಗ್. ಅವನು ವಿನ್ಯಾಸ ಮಾಡಿದ 1895ರ ವಿಂಚೆಸ್ಟರಿನಲ್ಲಿ ಕೊಳವೆ ಇಲ್ಲ. ತೋಟಾಗಳು ಲಿವರಿನ ಮುಂದಿರುವ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. 1904ರಲ್ಲಿ ಇದೇ ರೈಫಲ್ಲಿಗಾಗಿ ಬಂದ ತೋಟಾ .405. ಆಂಡರ್ಸನ್ ಹಿಡಿದದ್ದು ಇದನ್ನೇ. ಅವನಿಗಿಂತ ಮೊದಲು ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತು ಹೋಗಿ ಸಿಂಹಕ್ಕೆ ಇದೇ ಮದ್ದು ಎಂದು ಹೊಗಳಿದ್ದೂ ಇದನ್ನೇ.

ಈ ರೈಫಲ್ಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಬಲಗೈಯ ಬೆರಳುಗಳನ್ನು ಲಿವರಿನ ಬಳೆಯೊಳಗೆ ತೂರಿಸಿ ಕೆಳಕ್ಕೂ ಮುಂದಕ್ಕೂ ತಳ್ಳಿದರೆ ಹೊಟ್ಟೆಯ ಭಾಗ ಬಾಯಿ ಬಿಟ್ಟು ಕೆಳಗಿಳಿಯುತ್ತದೆ. ಬೋಲ್ಟು ಹಿಂದಕ್ಕೆ ಸರಿದು, ಕುದುರೆಯನ್ನು ಮಲಗಿಸಿ ಏರಿಸುತ್ತದೆ. ಖಾಲಿ ತೋಟಾ ಮೇಲಕ್ಕೆ ಚಿಮ್ಮುತ್ತದೆ. ಲಿವರನ್ನು ಹಿಂದಕ್ಕೆಳೆದರೆ ಹೊಸ ತೋಟಾ ನಳಿಗೆಯೊಳಗೆ. ಇಷ್ಟೂ ಕೆಲಸ ಕೋವಿಯ ಬುಡ ಹೆಗಲಿನಿಂದ ಕದಲದೆ, ಕಣ್ಣು ಪ್ರಾಣಿಯಿಂದ ಕೀಳದೆ ಮುಗಿಯುತ್ತದೆ. .405ರ ಪೆಟ್ಟಿಗೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು, ಒಟ್ಟು ಐದು ಈಡು. ದೋಷಗಳೂ ಇವೆ. ತೋಟಾಗಳ ಬುಡದ ಅಂಚು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಜೋಡಿಸಿ ತುಂಬಬೇಕು, ತಪ್ಪಿದರೆ ಸಿಕ್ಕಿಬೀಳುತ್ತದೆ. ಮಚಾನಿನ ಮೇಲೆ ಲಿವರಿನ ಸದ್ದು ಕಾಡಿಗೆಲ್ಲ ಕೇಳಿಸುತ್ತದೆ. ನೆಲಕ್ಕೆ ಮಲಗಿ ಹೊಡೆಯುವಾಗ ಲಿವರಿಗೆ ಜಾಗ ಸಾಲುವುದಿಲ್ಲ. ಆದರೆ ನಮ್ಮ ಕಾಡಿನಲ್ಲಿ ಹುಲಿ ಚಿರತೆಗಳಿಗೆ ಯಾರೂ ನೆಲಕ್ಕೆ ಮಲಗಿ ಮುನ್ನೂರು ಗಜದಿಂದ ಗುರಿಯಿಡುತ್ತಿರಲಿಲ್ಲ. ಆಂಡರ್ಸನ್ನನ ಕತೆಗಳಲ್ಲಿ ಬರುವ ಗುರಿಗಳು ಹೆಚ್ಚಾಗಿ ಕತ್ತಲಲ್ಲಿ, ನಳಿಗೆಗೆ ಕಟ್ಟಿದ ಟಾರ್ಚಿನ ಬೆಳಕು ಮುಟ್ಟುವಷ್ಟೇ ದೂರದಲ್ಲಿ. ಅಲ್ಲಿ ಬೋಲ್ಟ್ ರೈಫಲ್ಲಿನ ಕೂದಲೆಳೆಯ ಕರಾರುವಾಕ್ಕುತನಕ್ಕಿಂತ ಎರಡನೆಯ ಈಡು ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದೇ ಮುಖ್ಯ. ಲಿವರ್ ರೈಫಲ್ಲು ಗುರಿಯಲ್ಲಿ ಸಡಿಲ ಎಂದು ದೂರುವವರು ನೂರು ಗಜದ ಕಾಗದದ ಗುರಿಯನ್ನು ಕಾಡಿನೊಳಕ್ಕೆ ಹೊತ್ತು ತರುತ್ತಿದ್ದಾರೆ ಎಂದೇ ನನ್ನ ಅನಿಸಿಕೆ.

ಇನ್ನು ಬಲದ ಲೆಕ್ಕ. ಬಲವನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನಗಳಲ್ಲಿ ಹೆಸರಾದದ್ದು ಜಾನ್ ಟೇಲರನ ಸೂತ್ರ. ಆಫ್ರಿಕಾದಲ್ಲಿ ದಂತಕ್ಕಾಗಿ ಬೇಟೆಯಾಡಿದ ಈತ ಕಳ್ಳಬೇಟೆಗೂ ಹೇಸದವನು, ಆದರೆ ಕೋವಿಗಳ ಬಗ್ಗೆ ಅವನಷ್ಟು ತಿಳಿದವರು ಕಡಿಮೆ. ಆಫ್ರಿಕಾದ ರೈಫಲ್ಲು ಮತ್ತು ತೋಟಾಗಳ ಕುರಿತ ಅವನ ಪುಸ್ತಕ 1948ರದ್ದು. ಗುಂಡಿನ ತೂಕವನ್ನು ಗ್ರೇನಿನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ, ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ಮೂರನ್ನೂ ಗುಣಿಸಿ 7000ದಿಂದ ಭಾಗಿಸಬೇಕು. .405ರ ಗುಂಡು 300 ಗ್ರೇನ್, ಅಂದರೆ 19 ಗ್ರಾಮಿನ ಮೇಲೆ ಸ್ವಲ್ಪ, ವೇಗ 2200 ಅಡಿ, ನಿಜವಾದ ವ್ಯಾಸ .411 ಇಂಚು. ಲೆಕ್ಕ ಹಾಕಿದರೆ ಸುಮಾರು 39 ಬರುತ್ತದೆ. 1912ರಲ್ಲಿ ಬಂದ ಪ್ರಸಿದ್ಧ .375 ಮ್ಯಾಗ್ನಮ್ಮಿಗೆ ಬರುವುದು 40. ಎರಡೂ ಹೆಚ್ಚುಕಮ್ಮಿ ಸಮ! ಆದರೆ ಘೇಂಡಾಮೃಗ, ಕಾಡೆಮ್ಮೆಯಂಥ ದಪ್ಪ ಚರ್ಮದ ಪ್ರಾಣಿಗಳಿಗೆ .375 ಇಡೀ ಶತಮಾನ ಸಲ್ಲಿತು, .405 ಅಲ್ಲಿ ಹೆಸರು ಮಾಡಲಿಲ್ಲ. ಸೂತ್ರ ಹೇಳದೆ ಬಿಟ್ಟದ್ದು ಗುಂಡಿನ ಉದ್ದ. ಒಂದೇ ತೂಕವನ್ನು ಸಣ್ಣ ವ್ಯಾಸದೊಳಗೆ ತುಂಬಿದರೆ ಗುಂಡು ಉದ್ದವಾಗುತ್ತದೆ, ದಬ್ಬಣದ ಹಾಗೆ ಒಳಗೆ ಹೋಗುತ್ತದೆ. ತೂಕವನ್ನು ಪೌಂಡಿಗೆ ತಿರುಗಿಸಿ ವ್ಯಾಸದ ವರ್ಗದಿಂದ ಭಾಗಿಸಿದರೆ .375ಕ್ಕೆ ಸುಮಾರು .305 ಬರುತ್ತದೆ, .405ಕ್ಕೆ .254 ಮಾತ್ರ. ಈಗ ಇದರ ಪಕ್ಕದಲ್ಲಿ .275 ರಿಗ್ಬಿಯ 173 ಗ್ರೇನಿನ ಗುಂಡನ್ನು ಇಟ್ಟು ನೋಡಿ. ಟೇಲರನ ಸೂತ್ರದಲ್ಲಿ ಅದಕ್ಕೆ 16ರ ಆಸುಪಾಸು, ಅಂದರೆ .405ರ ಅರ್ಧವೂ ಇಲ್ಲ. ಆದರೆ ಎರಡನೆಯ ಲೆಕ್ಕದಲ್ಲಿ ಅದು .306, ಎಂದರೆ .375ರ ಜೊತೆಗೇ ನಿಲ್ಲುತ್ತದೆ. ಟೇಲರ್ ತನ್ನ ಸೂತ್ರವನ್ನು ಮುಖ್ಯವಾಗಿ ಆನೆಯ ತಲೆಗೆ ಹೊಡೆದಾಗಿನ ಆಘಾತವನ್ನು ಹೋಲಿಸಲೆಂದು ಮಾಡಿಕೊಂಡದ್ದು. ಅದನ್ನು ಎಲ್ಲ ಬೇಟೆಗೂ ಎಳೆದು ತಂದವರು ಆಮೇಲಿನವರು.

.275 ರಿಗ್ಬಿಯ ಮಾತೆತ್ತಿದರೆ ಡಬ್ಲ್ಯು. ಡಿ. ಎಂ. ಬೆಲ್ ಬರಲೇಬೇಕು. ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಅವನು ಅವುಗಳಲ್ಲಿ ಬಹುಪಾಲನ್ನು ಹೊಡೆದದ್ದು ಈ ಸಣ್ಣ ಬೋರಿನಿಂದ. ಇವತ್ತಿನ ಮನಸ್ಸಿಗೆ ಆ ಸಂಖ್ಯೆ ಅಸಹ್ಯವೆನಿಸುತ್ತದೆ, ಎನಿಸಬೇಕು. ಆದರೆ ಸಾಕ್ಷಿಯಾಗಿ ಅದನ್ನು ಬದಿಗಿಡಲು ಬರುವುದಿಲ್ಲ. ಬೆಲ್ಲನ ಗುಟ್ಟು ತೋಟಾದಲ್ಲಿರಲಿಲ್ಲ. ಅವನು ಆನೆಯ ಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿ ಎಷ್ಟು ಜಾಗದಲ್ಲಿ ಅಡಗಿದೆ ಎಂದು ಕಣ್ಣಾರೆ ನೋಡಿಕೊಂಡಿದ್ದ. ಯಾವ ಕೋನದಲ್ಲಿ ನಿಂತ ಆನೆಗೆ ಎಲ್ಲಿ ಗುರಿಯಿಡಬೇಕೆಂಬುದು ಅವನಿಗೆ ಬಾಯಿಪಾಠ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ಬೆಲ್ ಬದುಕಿ ಉಳಿದು ಪುಸ್ತಕ ಬರೆದ, ಅವನನ್ನು ನೋಡಿ ಸಣ್ಣ ಬೋರ್ ಹಿಡಿದು ಸತ್ತವರು ಬರೆಯಲಿಲ್ಲ. ಹಾಗಾಗಿ ನಮಗೆ ಗೆದ್ದವನ ಮಾತು ಮಾತ್ರ ಕೇಳಿಸುತ್ತಿದೆ ಎಂಬುದು ಆ ಆಕ್ಷೇಪ. ಆಫ್ರಿಕಾದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆ ಬೋರ್ ಕೂಡದೆಂದು ಕಾನೂನು ಮಾಡಿರುವುದೂ ಸುಮ್ಮನೆ ಅಲ್ಲ. ಆ ಕಾನೂನನ್ನು ನಾನು ಒಪ್ಪುತ್ತೇನೆ. ಬೆಲ್ಲನಷ್ಟು ಅಂಗರಚನೆ ತಿಳಿಯದವನಿಗೆ ಒಂದಿಷ್ಟು ಹೆಚ್ಚಿನ ಬಲ ಬೇಕು. ಆದರೆ ಅದೇ ಕಾನೂನು ಗೆರೆಯನ್ನು .375ಕ್ಕೆ ಎಳೆಯಿತೇ ಹೊರತು .500ಕ್ಕೆ ಎಳೆಯಲಿಲ್ಲ. ಸಾಮಾನ್ಯ ಹೆಗಲು ಸಲೀಸಾಗಿ ತಾಳುವ, ಗುಂಡು ಆಳಕ್ಕೆ ಹೋಗುವ ಬೋರ್ ಅದು.

ಹೆಗಲಿನ ಮಾತನ್ನು ನಮ್ಮ ಶಿಕಾರಿ ಹರಟೆಗಳು ಹಗುರವಾಗಿ ತಳ್ಳಿಹಾಕುತ್ತವೆ. ಕೋವಿ ಒದೆಯುತ್ತದೆ ಎಂದರೆ ಗಂಡಸುತನದ ಕೊರತೆ ಎಂಬಂತೆ ನಗುತ್ತಾರೆ. ಒದೆತದಿಂದಾಗುವ ನಿಜವಾದ ಹಾನಿ ಭುಜದ ಮೇಲಿನ ನೀಲಿ ಗುರುತಲ್ಲ. ಎರಡು ಮೂರು ಸಲ ಪೆಟ್ಟು ತಿಂದ ಮೈ ಮುಂದಿನ ಸಲ ಟ್ರಿಗರ್ ಎಳೆಯುವ ಕ್ಷಣಕ್ಕೆ ಮೊದಲೇ ಬೆಚ್ಚುತ್ತದೆ. ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ಬೆರಳು ಒತ್ತುವ ಬದಲು ಜಗ್ಗುತ್ತದೆ. ನಳಿಗೆಯ ತುದಿ ಕೊಂಚ ವಾಲಿದರೂ ಐವತ್ತು ಗಜದಲ್ಲಿ ಗುಂಡು ಹೃದಯ ಬಿಟ್ಟು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಿದ್ದ .470ರ ಗುಂಡು 500 ಗ್ರೇನ್ ತೂಗಿದರೂ ಪ್ರಾಣಿ ಓಡಿಹೋಗುತ್ತದೆ, ದಿನಗಟ್ಟಲೆ ನರಳುತ್ತದೆ. ಶ್ವಾಸಕೋಶಕ್ಕೆ ಬಿದ್ದ .30-30ರ 170 ಗ್ರೇನಿನ ಗುಂಡಿಗೆ ಜಿಂಕೆ ಕೆಲವೇ ಹೆಜ್ಜೆಯಲ್ಲಿ ಬೀಳುತ್ತದೆ. 1894ರ ವಿಂಚೆಸ್ಟರ್ ಈ ಸಾಧಾರಣ ತೋಟಾವನ್ನು ನಂಬಿಕೊಂಡೇ 70 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದನ್ನು ಕೊಂಡ ಅಮೆರಿಕದ ರೈತರಿಗೆ ಅಂಕಿಸಂಖ್ಯೆಯ ಗೊಡವೆ ಇರಲಿಲ್ಲ. ಹಗುರ, ಒದೆತ ಕಡಿಮೆ, ತಪ್ಪದೆ ತಾಗುತ್ತದೆ, ಅಷ್ಟು ಸಾಕಿತ್ತು. ನಮ್ಮ ಕೊಡಗಿನಲ್ಲೂ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಪೂಜೆಯಾದ ಕೋವಿಗಳಿಂದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಈಡುಗಾರನೆನಿಸಿಕೊಳ್ಳುವವನು ಕಾಯಿ ಒಡೆದವನು. ಕೋವಿ ಎಷ್ಟು ಜೋರಾಗಿ ಸದ್ದು ಮಾಡಿತು ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಿಮ್ ಕಾರ್ಬೆಟ್ ಬಿಟ್ಟು ಹೋದ ಬರಹದಲ್ಲಿ ಈ ವಾದಕ್ಕೆ ಎರಡು ದೊಡ್ಡ ಸಾಕ್ಷಿಗಳಿವೆ. ಚಂಪಾವತದ ಹೆಣ್ಣುಹುಲಿಗೆ ಅವನು ಹಿಡಿದದ್ದು .500 ಬೋರಿನ ಭಾರಿ ರೈಫಲ್ಲು, ಜೊತೆಗೆ ತಂದದ್ದು ಮೂರೇ ತೋಟಾ. ಮೂರೂ ಮುಗಿದ ಮೇಲೆ ಗಾಯಗೊಂಡ ಹುಲಿ ಇನ್ನೂ ನಿಂತೇ ಇತ್ತು. ಅವನು ಓಡಿಹೋಗಿ ತಹಸೀಲ್ದಾರನ ಕೈಯಿಂದ ಒಂದು ಹಳೆಯ ಕೋವಿಯನ್ನು ಇಸಿದುಕೊಂಡು ಬರಬೇಕಾಯಿತು. ನಳಿಗೆಗೂ ಬುಡಕ್ಕೂ ನಡುವೆ ಬೆಳಕು ಹಾಯುವಷ್ಟು ಸಂದಿ ಬಿಟ್ಟಿದ್ದ ಕೋವಿ ಅದು! ಎರಡನೆಯದು ಚೌಗಢದ ಹುಲಿಯದು, 1930ರ ಏಪ್ರಿಲ್ ತಿಂಗಳದ್ದು. ಎಡಗೈಯಲ್ಲಿ ನತ್ತಿಂಗ ಹಕ್ಕಿಯ ಎರಡು ಮೊಟ್ಟೆ, ಬಲಗೈಯಲ್ಲಿ ಹಗುರ ರೈಫಲ್ಲು. ಬಂಡೆಯ ಮರೆಯಿಂದ ತಿರುಗಿದರೆ ಕೆಲವೇ ಅಡಿ ದೂರದಲ್ಲಿ ಹುಲಿ ನೆಗೆಯಲು ಕುಳಿತಿದೆ. ಒಂದೇ ಕೈಯಲ್ಲಿ ರೈಫಲ್ಲನ್ನು ಮೆಲ್ಲಗೆ, ಹುಲಿಯ ಕಣ್ಣಿಗೆ ಚಲನೆ ಕಾಣದಷ್ಟು ಮೆಲ್ಲಗೆ, ಮುಕ್ಕಾಲು ಸುತ್ತು ತಿರುಗಿಸಿ ಅವನು ಹೊಡೆದ. ಮೊಟ್ಟೆ, ಹಗುರ ರೈಫಲ್ಲು, ಎದುರಿಗಿರುವುದು ನರಭಕ್ಷಕ ಎಂಬ ಮೂರು ಸಂಗತಿಗಳೂ ಮೊದಲಿಗೆ ಅಡಚಣೆಯಂತೆ ಕಂಡು ಕೊನೆಗೆ ತನಗೇ ಅನುಕೂಲವಾದವು ಎಂದು ಕಾರ್ಬೆಟ್ ಸ್ವತಃ ಬರೆಯುತ್ತಾನೆ. ಹತ್ತು ಹನ್ನೊಂದು ಪೌಂಡು ತೂಗುವ ಜೋಡುನಳಿಗೆಯ ಭಾರಿ ರೈಫಲ್ಲನ್ನು ಆ ಬಗೆಯಲ್ಲಿ ಒಂಟಿ ಕೈಯಲ್ಲಿ ತಿರುಗಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಎರಡು ಘಟನೆಗಳಿಂದ ಸಾರ್ವತ್ರಿಕ ನಿಯಮ ಹುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯೇ. ಆದರೆ ಭಾರಿ ಬೋರ್ ಹಿಡಿದವನು ತಾನಾಗಿ ಕ್ಷೇಮ ಎಂಬ ನಂಬಿಕೆಯನ್ನು ಕೆಡವಲು ಚಂಪಾವತ ಒಂದೇ ಸಾಕು.

ದೊಡ್ಡ ಬೋರಿನವರ ಕಡೆಯಿಂದ ಬರುವ ಕೊನೆಯ ಮಾತು ಗಟ್ಟಿಯಾದದ್ದು: ಕಾಟಿಯೋ ಆನೆಯೋ ಹತ್ತು ಹೆಜ್ಜೆಯಿಂದ ಮೇಲೆ ಬಿದ್ದಾಗ ಅದನ್ನು ಕೊಂದರೆ ಸಾಲದು, ನಿಂತಲ್ಲೇ ನಿಲ್ಲಿಸಬೇಕು; ಶ್ವಾಸಕೋಶ ತೂತಾದ ಪ್ರಾಣಿ ಸಾಯುವ ಮೊದಲು ಬೇಟೆಗಾರನನ್ನು ಮುಗಿಸಿರುತ್ತದೆ. ಇದಕ್ಕೆ ಎದುರಾಡುವಂತಿಲ್ಲ. ಆನೆ ಕಾಟಿಗಳ ಹಿಂದೆ ಪೊದೆಗೆ ಇಳಿಯುವವನಿಗೆ .470ರಂಥ ಜೋಡುನಳಿಗೆಯೇ ಸರಿ, .405 ಅಲ್ಲಿ ಸಾಲದು. ಆದರೆ ನಿಲ್ಲಿಸುವ ಕೋವಿಯ ಅಗತ್ಯ ಬರುವುದು ಹೆಚ್ಚಿನ ಸಲ ಮೊದಲ ಈಡು ಕೆಟ್ಟಾಗ. ಕೆಟ್ಟ ಮೊದಲ ಈಡಿಗೆ ಒದೆತದ ಹೆದರಿಕೆಯೇ ಕಾರಣವಾಗಿದ್ದರೆ, ರೋಗವನ್ನೂ ಮದ್ದನ್ನೂ ಒಂದೇ ಅಂಗಡಿಯಲ್ಲಿ ಕೊಂಡಂತಾಯಿತು. ಬೋರ್‌ಗಳ ಈ ಪಟ್ಟಿಯೆಲ್ಲ ಬೇಟೆಯ ಅನುಭವದಿಂದಲೇ ಬೆಳೆದದ್ದೆಂದೂ ತಿಳಿಯಬೇಕಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಬೋರಿನ ರೈಫಲ್ ತರುವುದನ್ನು ತಡೆಯಿತು. ಹಳೆಯ ಮಾರ್ಟಿನಿ ಹೆನ್ರಿ ಕೋವಿಗಳಿಗೆ ಆ ಗುಂಡು ಹೊಂದಿಕೊಂಡು ಬಂಡಾಯಗಾರರ ಕೈ ಸೇರೀತೆಂಬ ಭಯ. ಲಂಡನ್ನಿನ ಕೋವಿ ತಯಾರಕರು ತಡಮಾಡದೆ .465, .470, .475 ಎಂದು ಹೊಸ ಬೋರ್‌ಗಳನ್ನು ತಂದರು. ನಡುವಿನ ವ್ಯತ್ಯಾಸ ಇಂಚಿನ ಸಾವಿರದ ಭಾಗಗಳಲ್ಲಿ. ಯಾವ ಆನೆಗೂ ಅದು ಗೊತ್ತಾಗಲಿಕ್ಕಿಲ್ಲ. ಸ್ವಾತಂತ್ರ್ಯದ ನಂತರವೂ ಇದೇ ಕತೆ: ಸೇನೆಯ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ಸರ್ಕಾರಿ ಕಾರ್ಖಾನೆಯ .315 ನಮ್ಮ ಲೈಸೆನ್ಸುದಾರರ ರೈಫಲ್ಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ದೇಶದಲ್ಲಿ ಬೇಟೆಯೇ ಇಲ್ಲದಿರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಆ ಕಾಯಿದೆ ಬರಬೇಕಾಗಿತ್ತು, ಇನ್ನೂ ಬೇಗ ಬರಬೇಕಾಗಿತ್ತು ಎನ್ನುವವನು ನಾನು. ಆದರೆ ಬೇಟೆ ಪುಸ್ತಕಗಳ ಓದು ನಿಂತಿಲ್ಲ, ಆ ಪುಸ್ತಕಗಳಲ್ಲಿ ಬರುವ ನರಭಕ್ಷಕಗಳು ಎಲ್ಲಿಂದ ಬಂದವೆಂಬ ಪ್ರಶ್ನೆಗೂ ಕೋವಿಯ ಆಯ್ಕೆಗೂ ನೇರ ಸಂಬಂಧವಿದೆ. ಚಂಪಾವತದ ಹುಲಿ ಸತ್ತ ಮೇಲೆ ಕಾರ್ಬೆಟ್ ಅದರ ಬಾಯಿ ಬಿಡಿಸಿ ನೋಡಿದ. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡದವರೆಗೆ. ಹಳೆಯ ಗುಂಡೇಟಿನ ಗುರುತು ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ತಿರುಗಿತು. ಕಾರ್ಬೆಟ್ ಕೊಡುವ ಲೆಕ್ಕದ ಪ್ರಕಾರ 436 ಜನ ಅದಕ್ಕೆ ಬಲಿಯಾದರು. ಯಾರೋ ಒಬ್ಬ, ಯಾವುದೋ ಕೋವಿಯಿಂದ, ಹೊಡೆಯಬಾರದ ಹೊತ್ತಿನಲ್ಲಿ ಹೊಡೆದು, ಹಿಂಬಾಲಿಸಿ ಮುಗಿಸದೆ ಮನೆಗೆ ಹೋದ ಒಂದು ಈಡಿನ ಬೆಲೆ ಅಷ್ಟು. ಹುಲಿ ಚಿರತೆಗಳು ನರಭಕ್ಷಕಗಳಾಗಲು ಹಳೆಯ ಗಾಯಗಳು ಕಾರಣವೆಂದು ಆಂಡರ್ಸನ್ನನೂ ಮತ್ತೆ ಮತ್ತೆ ಬರೆದ. ಹುಲಿ ಚಿರತೆಗಳಿಗೆ, ಕಾಡಿನ ಹತ್ತಿರದ ಗುರಿಗಳಿಗೆ, ಐದು ಈಡು ಸರಸರನೆ ಕೊಡುವ ಅವನ .405 ತಕ್ಕ ಆಯ್ಕೆಯೇ ಆಗಿತ್ತು, ಆನೆಗೆ ಅಲ್ಲ ಎಂಬುದು ನನ್ನ ತೀರ್ಪು. ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಶಿಕಾರಿಯ ಪುಸ್ತಕ ಹಿಡಿದಾಗ ಕೋವಿಯ ಬೋರ್ ಎಷ್ಟೆಂದು ನೋಡುವುದರ ಜೊತೆಗೆ, ರಕ್ತದ ಜಾಡು ಹಿಡಿದು ಹೋದ ಪುಟಗಳು ಎಷ್ಟಿವೆ, ಆ ಜಾಡು ಸಿಗದೆ ಬಿಟ್ಟು ಬಂದದ್ದು ಎಷ್ಟು ಸಲ ಎಂದೂ ಎಣಿಸಿ ನೋಡಿ.